ಕುದುರೆ ಇಳಿದ ಬಂದರು: ಅಲಿಬಾಗ್ ತೀರದಲ್ಲಿ ಅಪ್ಪನೊಂದಿಗೆ ಒಂದು ದಿನ

ಅವ್ವ ಹೋದ ಮೇಲೆ ಅಪ್ಪನನ್ನು ಬೀದರಿನಿಂದ ಮುಂಬಯಿಗೆ ಕರೆದುಕೊಂಡು ಬಂದೆವು. ಘಾಟ್‌ಕೋಪರಿನ ನಮ್ಮ ಮನೆ ಆರನೇ ಮಹಡಿಯಲ್ಲಿದೆ. ಬೆಳಿಗ್ಗೆ ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಅಪ್ಪ ಬಾಲ್ಕನಿಯ ಕುರ್ಚಿಗೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು ದಿನವಿಡೀ ಹತ್ತು ಮಾತಾಡಿದರೆ ಹೆಚ್ಚು. "ನನಗ ಊರಿಗಿ ಟಿಕೆಟ್ ತೆಗಿಸಿ ಕೊಡವ್ವ" ಎಂಬುದು ಅದರಲ್ಲಿ ಒಂದು.

ಮಗಳಿಗೆ ಹದಿಮೂರು. ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. ಬಿಲ್ಡಿಂಗಿನ ಗೆಳತಿಯರಿಂದ ಕಲಿತು ತಾತನನ್ನು 'ಆಜೋಬಾ' ಅನ್ನುತ್ತಾಳೆ. ನಮ್ಮಲ್ಲಿ 'ಮುತ್ಯಾ' ಅನ್ನಬೇಕು ಎಂದು ಎರಡು ಸಲ ಹೇಳಿದ್ದೆ. ಅವಳು ಮರೆತಳು, ನಾನೂ ಬಿಟ್ಟೆ. ಅಪ್ಪನ ಬೀದರ್ ಕನ್ನಡ, ಅವಳ ಮುಂಬಯಿ ಹಿಂದಿ ಒಂದೇ ಮನೆಯಲ್ಲಿ ಎದುರುಬದುರು ಕುಳಿತು ಟೀವಿ ನೋಡುತ್ತಿದ್ದವು. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಇರಬಹುದು.

ಜನವರಿಯ ಒಂದು ಶನಿವಾರ ಎಲ್ಲರನ್ನೂ ಸಮುದ್ರದ ಕಡೆ ಕರೆದೊಯ್ಯೋಣ ಎಂದುಕೊಂಡೆವು. ಜುಹು, ಚೌಪಾಟಿ ಆಗಿದ್ದವು. ಈ ಸಲ ಅಲಿಬಾಗ್.

ಹಿಂದಿನ ಸಲ ಕಲಿತ ಪಾಠ

ಅಲಿಬಾಗಿಗೆ ನಾವು ಎರಡು ವರ್ಷದ ಹಿಂದೆಯೂ ಹೋಗಿದ್ದೆವು. ಆಗ ಬಾಡಿಗೆ ಕಾರು, 'ಒಂದೇ ದಿನದಲ್ಲಿ ಎಂಟು ಸ್ಥಳ' ಎಂಬ ಪಟ್ಟಿ. ಚಾಲಕ ಪಾಪದವನು, ಆದರೆ ಅವನಿಗೂ ಆ ಊರು ಹೊಸದು. ಕುಲಾಬಾ ಕೋಟೆಯ ಎದುರಿನ ದಂಡೆಗೆ ಮುಟ್ಟಿದಾಗ ಸಮುದ್ರ ಉಬ್ಬರದಲ್ಲಿತ್ತು. ನೀರಿನ ನಡುವೆ ನಿಂತ ಕೋಟೆಯ ಫೋಟೋ ತೆಗೆದು, ಎರಡು ಕಡಲತೀರದಲ್ಲಿ ಎಳನೀರು ಕುಡಿದು, ವಡಖಳದ ಟ್ರಾಫಿಕ್ಕಿನಲ್ಲಿ ಸಿಕ್ಕಿ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದೆವು. ಏನು ನೋಡಿದಿರಿ ಎಂದು ಯಾರಾದರೂ ಕೇಳಿದ್ದರೆ ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ.

ಈ ಸಲ ಆಫೀಸಿನ ಗೆಳತಿಯೊಬ್ಬಳನ್ನು ಕೇಳಿದೆ. ಅವಳ ತವರು ಅಲಿಬಾಗ್. "ನಿಮ್ಮದೇ ಕಾರು ತನ್ನಿ, ಜೊತೆಗೆ ನಮ್ಮ ಗುರೂಜಿಯನ್ನು ಕೂರಿಸಿಕೊಳ್ಳಿ" ಎಂದಳು. ಗುರೂಜಿ ಎಂದರೆ ಆ ಕಡೆಯ ನಿವೃತ್ತ ಶಾಲಾ ಮಾಸ್ತರರು. ಬೇಕಾದವರ ಜೊತೆ ದಿನವಿಡೀ ತಿರುಗಿ ಊರು ತೋರಿಸುತ್ತಾರೆ. ಒಂದು ದಿನಕ್ಕೆ ಒಂದೇ ಕುಟುಂಬ.

ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ಹಣವಲ್ಲ. "ಜೊತೆಗೆ ಎಷ್ಟು ವಯಸ್ಸಿನವರು ಬರುತ್ತಾರೆ? ಎಷ್ಟು ನಡೆಯಬಲ್ಲರು?" ಎರಡನೆಯದು, "ಯಾವ ತಿಥಿ?" ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಪ್ಪ ಪಂಚಾಂಗ ತೆಗೆದರು. ಹುಣ್ಣಿಮೆ–ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ತೀರದಲ್ಲಿ ನಡು ಮಧ್ಯಾಹ್ನಕ್ಕೆ ಉಬ್ಬರ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ ಕಳೆದು ಐದು ದಿನಕ್ಕೆ ಬಂದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಇಳಿತ, ಕೋಟೆಗೆ ಕಾಲ್ನಡಿಗೆಯಲ್ಲೇ ಹೋಗಬಹುದು. ಉಬ್ಬರಕ್ಕೆ ಅವರು 'ಭರತಿ', ಇಳಿತಕ್ಕೆ 'ಓಹೋಟಿ' ಅನ್ನುತ್ತಾರೆ. ಹಾಗೆ ನಮ್ಮ ಶನಿವಾರ ಪಂಚಾಂಗದಲ್ಲಿ ಗೊತ್ತಾಯಿತು.

ಜಂಜೀರಾ ಕೋಟೆಯನ್ನೂ ಸೇರಿಸಿ ಎಂದೆ. ಗುರೂಜಿ ಒಪ್ಪಲಿಲ್ಲ. "ಅದು ಬೇರೆ ದಿನದ ಕೆಲಸ. ಎರಡನ್ನೂ ಒಂದೇ ದಿನ ನೋಡಿದರೆ ಎರಡೂ ನೋಡಿದ ಹಾಗಾಗುವುದಿಲ್ಲ." ಹೆಚ್ಚು ತೋರಿಸುತ್ತೇನೆ ಅನ್ನುವವರ ನಡುವೆ ಕಡಿಮೆ ತೋರಿಸುತ್ತೇನೆ ಅನ್ನುವವರು ಸಿಕ್ಕಿದ್ದೇ ನಮ್ಮ ಪುಣ್ಯ.

ನೀರು ಸರಿದ ದಾರಿ

ಭಾವೂಚಾ ಧಕ್ಕಾದಿಂದ ಬೆಳಗಿನ ರೋ-ರೋ ಹಡಗಿನಲ್ಲಿ ಕಾರು ಏರಿಸಿದೆವು. 2020ರಲ್ಲಿ ಶುರುವಾದ ಈ ಸೇವೆಯಿಂದ ರಸ್ತೆಯಲ್ಲಿ ಮೂರು ಗಂಟೆ ತಿನ್ನುವ ದಾರಿ ಸುಮಾರು ಒಂದು ಗಂಟೆಯ ಸಮುದ್ರಯಾನವಾಗಿದೆ. ಅಪ್ಪ ಕಾರಿನಿಂದ ಇಳಿದು ಮೇಲಿನ ಕಟಾಂಜನದ ಬಳಿ ನಿಂತರು. ಮುಂಬಯಿ ಹಿಂದೆ ಸರಿಯುವುದನ್ನು ನೋಡುತ್ತ, ಅಷ್ಟು ಹೊತ್ತಿಗೆ ಮೊದಲ ಸಲ, "ಛಲೋ ಅದ" ಎಂದರು.

ಮಾಂಡ್ವಾ ಜೆಟ್ಟಿಯಲ್ಲಿ ಗುರೂಜಿ ಬಿಳಿ ಟೊಪ್ಪಿಗೆ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ನಿಂತಿದ್ದರು. ಅಪ್ಪನೂ ಮಾಸ್ತರರು ಎಂದು ಗೊತ್ತಾದ ಕೂಡಲೇ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಮರಾಠಿ–ಹಿಂದಿ ಬೆರೆತ ಮಾತು ಶುರುವಾಯಿತು. ಬೀದರ್ ಕಡೆಯವರಿಗೆ ಮರಾಠಿ ಅಷ್ಟೇನೂ ದೂರದ್ದಲ್ಲ.

ಅಲಿಬಾಗಿನ ದಂಡೆಯಲ್ಲಿ ನಿಂತಾಗ ನನಗೆ ನಂಬಿಕೆಯಾಗಲಿಲ್ಲ. ಎರಡು ವರ್ಷದ ಹಿಂದೆ ಅಲೆ ಏಳುತ್ತಿದ್ದ ಕಡೆ ಒದ್ದೆ ಮರಳು, ಕಲ್ಲು, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಅಪ್ಪನಿಗೆ ಕುದುರೆಗಾಡಿ ಮಾಡಿಕೊಟ್ಟೆವು. ಮಗಳು ತಾನೂ ಹತ್ತಿ ಕೂತಳು.

ಕೋಟೆಯನ್ನು ಭದ್ರಪಡಿಸಿದ್ದು ಶಿವಾಜಿ ಮಹಾರಾಜರ ಕೊನೆಯ ದಿನಗಳಲ್ಲಿ, 1680ರಲ್ಲಿ. ಮುಂದೆ ಅದು ಮರಾಠಾ ನೌಕಾಪಡೆಯ ಕಾನ್ಹೋಜಿ ಆಂಗ್ರೆಯ ನೆಲೆಯಾಯಿತು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಟ್ಟಾಗಿ ಮೇಲೇರಿ ಬಂದರೂ ಈ ಕೋಟೆ ಬೀಳಲಿಲ್ಲ. ಗುರೂಜಿ ಗೋಡೆಯ ಬುಡಕ್ಕೆ ಕರೆದೊಯ್ದು ಒಂದು ವಿಷಯ ತೋರಿಸಿದರು. ಹೊರಗೋಡೆಯ ದೊಡ್ಡ ದೊಡ್ಡ ಕಲ್ಲುಗಳ ನಡುವೆ ಗಾರೆಯಿಲ್ಲ. ಅಲೆ ಬಡಿದಾಗ ನೀರು ಸಂದಿಯಲ್ಲಿ ನುಗ್ಗಿ ಹೊರಬರುತ್ತದೆ, ಗೋಡೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಸುತ್ತ ಉಪ್ಪುನೀರು, ಒಳಗೆ ಸಿಹಿನೀರಿನ ಬಾವಿ. ಮಗಳು ಬಗ್ಗಿ ನೋಡಿ ನಂಬದೆ ಬೆರಳದ್ದಿ ರುಚಿ ನೋಡಿದಳು.

ಹನ್ನೊಂದೂಕಾಲಕ್ಕೆ ಗುರೂಜಿ ಗಡಿಯಾರ ನೋಡಿ "ಚಲಾ" ಎಂದರು. ನಾವು ದಂಡೆ ಸೇರಿ ಹಿಂದೆ ತಿರುಗಿದಾಗ ನಡೆದು ಬಂದ ದಾರಿಯ ಮೇಲೆ ಆಗಲೇ ನೀರು ಹರಿಯುತ್ತಿತ್ತು.

ದಂಡೆಯ ಹತ್ತಿರವೇ ಒಂದು ಶಾಂತವಾದ ಆವರಣವಿದೆ. ಅದು ಭೂಕಾಂತ ವೀಕ್ಷಣಾಲಯ. ಮೊದಲು ಈ ಕೆಲಸ ಮುಂಬಯಿಯ ಕೊಲಾಬಾದಲ್ಲಿ ನಡೆಯುತ್ತಿತ್ತು. ಮುಂಬಯಿಯ ಟ್ರಾಮುಗಳಿಗೆ ವಿದ್ಯುತ್ ಬರುತ್ತದೆ, ಅದರಿಂದ ಸೂಕ್ಷ್ಮ ಉಪಕರಣಗಳ ಅಳತೆ ಕೆಡುತ್ತದೆ ಎಂದು ತಿಳಿದಾಗ 1904ರಲ್ಲಿ ಅಲಿಬಾಗಿಗೆ ತಂದರು. ಕೆಲವು ಕೆಲಸಗಳಿಗೆ ಮುಂಬಯಿಯ ಗದ್ದಲ ಆಗುವುದಿಲ್ಲ. ಅಪ್ಪ ನನ್ನ ಕಡೆ ನೋಡಿ ನಕ್ಕರು. ಆ ನಗುವಿನ ಅರ್ಥ ನನಗೆ ಗೊತ್ತಿತ್ತು.

ಶನಿವಾರದ ಗಾಣಿಗರು

ಅಲಿಬಾಗಿನಿಂದ ರೇವದಂಡಾಕ್ಕೆ ಹೋಗುವ ದಾರಿಯನ್ನು ನಿಧಾನವಾಗಿ ಸಾಗಬೇಕು. ಎರಡೂ ಬದಿಗೆ ತೆಂಗು, ಅಡಿಕೆಯ 'ವಾಡಿ'ಗಳು, ಅವುಗಳ ನಡುವೆ ಹೆಂಚಿನ ಮನೆಗಳು.

"ಇವತ್ತು ಶನಿವಾರ. ಇನ್ನೂರು ವರ್ಷದ ಹಿಂದೆ ನೀವು ಬಂದಿದ್ದರೆ ಇಲ್ಲಿ ಎಣ್ಣೆ ಸಿಗುತ್ತಿರಲಿಲ್ಲ" ಎಂದರು ಗುರೂಜಿ. ಈ ತೀರದ ಬೆನೆ ಇಸ್ರೇಲ್ ಯೆಹೂದಿಗಳ ಕಸುಬು ಎಣ್ಣೆ ತೆಗೆಯುವುದು. ಶನಿವಾರ ಅವರು ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೆ ಜನ ಅವರನ್ನು 'ಶನಿವಾರ್ ತೇಲಿ' ಎಂದರು. ತಮ್ಮ ಪೂರ್ವಜರ ಹಡಗು ಅಲಿಬಾಗಿನ ಉತ್ತರಕ್ಕಿರುವ ನವಗಾಂವ್ ಬಳಿ ಒಡೆಯಿತು, ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು ಎಂಬುದು ಅವರು ಹೇಳಿಕೊಂಡು ಬಂದ ಕಥೆ. ಮರಾಠಿಯೇ ಅವರ ಮಾತಾಯಿತು. ಹೆಚ್ಚಿನವರು 1948ರ ನಂತರ ಇಸ್ರೇಲಿಗೆ ಹೋದರು. ಪ್ರಾರ್ಥನಾ ಮಂದಿರಗಳು ಇಲ್ಲಿ ಉಳಿದಿವೆ.

ಊಟ ಗುರೂಜಿಗೆ ಗೊತ್ತಿದ್ದ ಮನೆಯೊಂದರಲ್ಲಿ. ಅಕ್ಕಿಯ ಭಾಕರಿ, ಮೊಳಕೆ ಬಂದ ವಾಲ್ ಕಾಳಿನ ಉಸಳ, ಸೋಲ್‌ಕಡಿ, ಪಕ್ಕಕ್ಕೆ ಅಲಿಬಾಗಿನ ಬಿಳಿ ಈರುಳ್ಳಿ. ಅಪ್ಪ ಭಾಕರಿ ಮುರಿದು, "ಮೆತ್ತಗದ. ನಮ್ಮ ಜ್ವಾಳದ ರೊಟ್ಟಿಗಿ ಬರಲ್ಲ ಬಿಡು" ಎಂದು ಇನ್ನೊಂದು ಹಾಕಿಸಿಕೊಂಡರು. ಉಳ್ಳಾಗಡ್ಡಿ ಮಾತ್ರ ಬೀದರಿಗಿಂತ ಸಿಹಿ ಎಂದು ಒಪ್ಪಿದರು.

ಶಾಲೆಯ ಅಂಗಳದ ಕಂಬ

ರೇವದಂಡಾ ಮತ್ತು ಪಕ್ಕದ ಚೌಲ್ ಸೇರಿ ಒಂದು ಕಾಲದ ದೊಡ್ಡ ಬಂದರು. ಪೋರ್ಚುಗೀಸರು ಕಟ್ಟಿದ ಗೋಡೆಗಳೊಳಗೆ ಈಗ ತೆಂಗಿನ ತೋಟ. ನಾನು ಅದನ್ನೇ ನೋಡಲು ಬಂದಿದ್ದೇವೆ ಎಂದುಕೊಂಡಿದ್ದೆ. ಗುರೂಜಿ ಒಂದು ಶಾಲೆಯ ಅಂಗಳಕ್ಕೆ, ಅನುಮತಿ ಕೇಳಿ, ಕರೆದೊಯ್ದರು. ಅಲ್ಲೊಂದು ಕಲ್ಲಿನ ಸ್ಮಾರಕಸ್ತಂಭ.

"ಇದು ರಷ್ಯದ ಒಬ್ಬ ವ್ಯಾಪಾರಿಯದು. ಅಫನಾಸಿ ನಿಕಿತಿನ್. ವಾಸ್ಕೋ ಡ ಗಾಮನಿಗಿಂತ ಸುಮಾರು 30 ವರ್ಷ ಮೊದಲು ಇಲ್ಲಿ ಇಳಿದವನು" ಎಂದು ಅವರು ಶುರು ಮಾಡಿದರು. ಅಪ್ಪ ಕೈಯೆತ್ತಿದರು, ತರಗತಿಯಲ್ಲಿ ಹುಡುಗರನ್ನು ಸುಮ್ಮನಾಗಿಸುವ ಹಾಗೆ.

"ಇಲ್ಲಿ ಇಳದಾನೇನು? ಇಲ್ಲೇ?" ಕಂಬದ ಬಳಿ ಹೋಗಿ ಮುಟ್ಟಿದರು. "ಇಲ್ಲಿ ಇಳದು ಅಂವ ನಮ್ಮ ಬೀದರಕ್ಕ ಬಂದಾನ!"

ಗುರೂಜಿಗೆ ನಿಕಿತಿನ್ ಇಲ್ಲಿಂದ ಘಟ್ಟ ಹತ್ತಿ ಜುನ್ನರಿಗೆ ಹೋದದ್ದು ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿರಲಿಲ್ಲ. ಅವರು ಕಟ್ಟೆಯ ಮೇಲೆ ಕುಳಿತರು. "ಸಾಂಗಾ ಸರ್, ತುಮ್ಹೀ ಸಾಂಗಾ" ಎಂದರು. ಅಪ್ಪ ನಿಂತೇ ಹೇಳಿದರು. ಮರಾಠಿಯಲ್ಲಿ ಶುರುಮಾಡಿ, ನಡುವೆ ಬೀದರ್ ಕನ್ನಡಕ್ಕೆ ಹೊರಳಿ, ಮತ್ತೆ ಮರಾಠಿಗೆ ಬಂದು.

1469ರ ಸುಮಾರಿಗೆ ನಿಕಿತಿನ್ ಹೊರ್ಮುಜ್‌ನಿಂದ ಹಡಗಿನಲ್ಲಿ ಚೌಲಿಗೆ ಬಂದ. ಊರು ರಷ್ಯದ ತ್ವೇರ್. ದಾರಿಯಲ್ಲಿ ಲೂಟಿಯಾಗಿ ಸರಕು ಹೋಗಿತ್ತು. ಅವನ ಬಂಡವಾಳವೆಲ್ಲ ಒಂದು ಗಂಡು ಕುದುರೆ. ದಖ್ಖಣದಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ. ಬಹಮನಿಯವರಿಗೂ ವಿಜಯನಗರದವರಿಗೂ ಯುದ್ಧಕ್ಕೆ ಕುದುರೆ ಸಮುದ್ರದಾಚೆಯಿಂದಲೇ ಬರಬೇಕು. ಹಾಗಾಗಿ ಈ ಬಂದರುಗಳಲ್ಲಿ ಇಳಿದ ಕುದುರೆಗೆ ಘಟ್ಟದ ಮೇಲೆ ಬಂಗಾರದ ಬೆಲೆ.

ಜುನ್ನರಿನಲ್ಲಿ ಮಳೆಗಾಲ ಕಳೆಯುವಾಗ ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಸಿದುಕೊಂಡ. ಮತ ಬದಲಿಸಿದರೆ ಕುದುರೆಯೂ ಸಾವಿರ ಹೊನ್ನೂ ಕೊಡುತ್ತೇನೆ, ಇಲ್ಲದಿದ್ದರೆ ಕುದುರೆಯೂ ಇಲ್ಲ, ಮೇಲೆ ದಂಡ ಎಂದ. ಗಡುವು ನಾಲ್ಕು ದಿನ.

ಅಪ್ಪ ಅಲ್ಲಿ ನಿಲ್ಲಿಸಿದರು. ಹಳೆಯ ಮಾಸ್ತರಿಕೆಯ ಚಟ. ಮಗಳು ಫೋನ್ ಕೆಳಗಿಟ್ಟಿದ್ದನ್ನು ನಾನು ಆಗ ಗಮನಿಸಿದೆ.

"ಫಿರ್?" ಎಂದಳು. ಅಪ್ಪ ಸುಮ್ಮನೆ ನಿಂತರು. ಅವಳು ಒಂದು ಕ್ಷಣ ತಡೆದು, "ಕುದುರೆ ಏನಾಯ್ತು?" ಎಂದಳು.

"ಸಿಕ್ತು." ಖೊರಾಸಾನದ ಮಹಮ್ಮದ್ ಎಂಬ ಅಧಿಕಾರಿ ಇವನ ಪರವಾಗಿ ಮಾತಾಡಿ ಕುದುರೆ ಬಿಡಿಸಿಕೊಟ್ಟ. ಮುಸಲ್ಮಾನನೊಬ್ಬ ಕಸಿದದ್ದನ್ನು ಮುಸಲ್ಮಾನನೊಬ್ಬ ವಾಪಸ್ ಕೊಡಿಸಿದ, ಅದನ್ನೂ ನಿಕಿತಿನ್ ಬರೆದಿಟ್ಟಿದ್ದಾನೆ ಎಂದರು ಅಪ್ಪ. ಅಲ್ಲಿಂದ ಬೀದರ್. ಬಹಮನಿಗಳ ರಾಜಧಾನಿ ಬೀದರಿನಲ್ಲಿ ಆಗ ಮಹಮೂದ್ ಗಾವಾನ್ ವಜೀರ. ಗಾವಾನನ ಮದರಸಾ 1472ರದು. ಅದೇ ಹೊತ್ತಿನಲ್ಲಿ ಈ ರಷ್ಯದವನು ಆ ಬೀದಿಗಳಲ್ಲಿ ಓಡಾಡುತ್ತಿದ್ದ. ಬೀದರಿನ ಬೀದಿಗಳಲ್ಲಿ ಹಾವು ಹರಿದಾಡುತ್ತವೆ ಎಂದು ಬರೆದ. ಆಳಂದದಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಂತೆಗೆ 20,000 ಕುದುರೆ ಬರುತ್ತವೆ ಎಂದು ಬರೆದ. ಅಮೀರರು ಬಹಳ ಸಿರಿವಂತರು, ಹಳ್ಳಿಯ ಜನ ಬಹಳ ಬಡವರು ಎಂದೂ ಬರೆದ. ತನ್ನ ಕುದುರೆಯನ್ನು ಕಡೆಗೆ ಬೀದರಿನಲ್ಲೇ ಮಾರಿದ.

"ಮನಿಗಿ ಹೋದನಾ?" ಮಗಳ ಪ್ರಶ್ನೆ ಈ ಸಲ ಕನ್ನಡದಲ್ಲೇ ಬಂತು, ಅದೂ ಅಪ್ಪನ ಕನ್ನಡದಲ್ಲಿ. ಕಿವಿಗೆ ಬಿದ್ದದ್ದು ಎಲ್ಲೋ ಉಳಿದಿತ್ತು ಅಂತ ಕಾಣುತ್ತದೆ.

"ಇಲ್ಲವ್ವ. ಊರು ಮುಟ್ಟೂಕಿಂತ ಮೊದಲೇ ದಾರ್ಯಾಗ ತೀರಿಕೊಂಡ." ಅಪ್ಪ ಕಂಬದ ಮೇಲಿಂದ ಕೈ ತೆಗೆದರು. "ಬರದಿಟ್ಟ ಪುಸ್ತಕ ಮುಟ್ಟಿತು."

ನಾವು ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗುರೂಜಿ ಚೀಲದಿಂದ ಚಿಕ್ಕ ನೋಟ್‌ಬುಕ್ ತೆಗೆದು ಆಳಂದ, ಗಾವಾನ್ ಎಂದು ಬರೆದುಕೊಂಡರು. ನಾಳೆ ಇಲ್ಲಿಗೆ ಬರುವ ಯಾರಿಗೋ ಅವರು ಬೀದರಿನ ಕಥೆಯನ್ನೂ ಹೇಳುತ್ತಾರೆ. ಬಂದರಿಗೆ ಎರಡು ತುದಿ ಇರುತ್ತವೆ. ಸಮುದ್ರದ ಕಡೆಯದನ್ನು ಈ ಊರಿನವರು ಬಲ್ಲರು. ನೆಲದ ಕಡೆಯ ತುದಿ ಆ ದಿನ ನಮ್ಮ ಕಾರಿನಲ್ಲಿ ಕುಳಿತು ಬಂದಿತ್ತು.

'ನಮ್ಮ ನುಡಿ' ಅನ್ನುವ ಊರು

ರೇವದಂಡಾದಿಂದ ಕುಂಡಲಿಕಾ ನದಿಯ ಸೇತುವೆ ದಾಟಿದರೆ ಕೊರ್ಲಾಯಿ. ನದಿ ಸಮುದ್ರ ಸೇರುವಲ್ಲಿ ಉದ್ದಕ್ಕೆ ಚಾಚಿದ ಗುಡ್ಡ, ಅದರ ಬೆನ್ನಿನ ಮೇಲೆ ಪೋರ್ಚುಗೀಸರ ಕೋಟೆ, ಬುಡದಲ್ಲಿ ದೀಪಸ್ತಂಭ. ಕೋಟೆಯ ಮೆಟ್ಟಿಲು ಅಪ್ಪನಿಗೆ ಆಗುವಂಥದ್ದಲ್ಲ. ಗುರೂಜಿಯ ಮೊದಲ ಪ್ರಶ್ನೆಯ ಬೆಲೆ ಇಲ್ಲಿ ಗೊತ್ತಾಯಿತು. ಅವರು ನಮ್ಮನ್ನು ಕೋಟೆಗಲ್ಲ, ಊರಿನೊಳಗೆ ಕರೆದೊಯ್ದರು.

1740ರಲ್ಲಿ ಚೌಲ್ ಮರಾಠರ ಕೈಸೇರಿತು, ಪೋರ್ಚುಗೀಸರು ಹೊರಟರು. ಕೊರ್ಲಾಯಿಯ ಕ್ರೈಸ್ತ ಕುಟುಂಬಗಳು ಅಲ್ಲೇ ಉಳಿದವು. ಪೋರ್ಚುಗೀಸ್ ಮತ್ತು ಮರಾಠಿ ಬೆರೆತು ಹುಟ್ಟಿದ ಅವರ ಮಾತೂ ಉಳಿಯಿತು. ಇವತ್ತಿಗೂ ಹೆಚ್ಚುಕಡಿಮೆ ಸಾವಿರ ಜನರ ಮನೆಮಾತು ಅದು. ಭಾಷಾವಿಜ್ಞಾನಿ ಕ್ಲಾನ್ಸಿ ಕ್ಲೆಮೆಂಟ್ಸ್ ಈ ಭಾಷೆಯ ಬಗ್ಗೆ 1996ರಲ್ಲಿ ಇಡೀ ಪುಸ್ತಕವನ್ನೇ ತಂದಿದ್ದಾರೆ. ಊರಿನವರು ಅದನ್ನು 'ನೋ ಲಿಂಗ್' ಅನ್ನುತ್ತಾರೆ. ಅರ್ಥ, ನಮ್ಮ ನುಡಿ.

ಚರ್ಚಿನ ಬಳಿಯ ಓಣಿಯಲ್ಲಿ ಅಜ್ಜಿಯೊಬ್ಬರು ಮೊಮ್ಮಗನನ್ನು ಬಯ್ಯುತ್ತಿದ್ದರು. ಮಾತು ತಿಳಿಯಲಿಲ್ಲ, ಬೈಗುಳ ಅಂತ ತಿಳಿಯಿತು. ಹುಡುಗನೂ ಅದೇ ಭಾಷೆಯಲ್ಲಿ ಎದುರುತ್ತರ ಕೊಟ್ಟ. ಗುರೂಜಿ ಮರಾಠಿಯಲ್ಲಿ ಮಾತಿಗೆಳೆದರು. ಶಾಲೆ ಮರಾಠಿಯದು, ಸಂತೆಯೂ ಮರಾಠಿಯದು, ಕೆಲಸಕ್ಕೆ ಮುಂಬಯಿಗೆ ಹೋದರೆ ಹಿಂದಿ. ಹಾಗಿದ್ದರೂ ಹೇಗೆ ಉಳಿಯಿತು ಎಂದು ನಾನು ಕೇಳಿದೆ. ಅಜ್ಜಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಮನೆಯಲ್ಲಿ ಬೇರೆ ಯಾವುದರಲ್ಲಿ ಮಾತಾಡುವುದು?" ಎಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಕೋಟ್ಯಂತರ ಜನ ಆಡುವ ಭಾಷೆ ನಮ್ಮದು. ಸಂಘ ಇದೆ, ರಾಜ್ಯೋತ್ಸವ ಇದೆ, ನಾಡಗೀತೆಗೆ ಎದ್ದು ನಿಲ್ಲುತ್ತೇವೆ. ಮನೆಗೆ ಬಂದು ಮಗುವಿಗೆ 'ಹೋಂವರ್ಕ್ ಕರ್ ಲಿಯಾ?' ಎಂದು ಕೇಳುವವಳು ನಾನೇ. ಅವಳು ಉತ್ತರವನ್ನು ಹಿಂದಿಯಲ್ಲಿ ಕೊಡುತ್ತಾಳೆ ಎಂದು ದೂರುವವಳೂ ನಾನೇ. ಕೊರ್ಲಾಯಿಯ ಭಾಷೆ ಮುಂದೆ ಎಷ್ಟು ತಲೆಮಾರು ಉಳಿಯುತ್ತದೋ, ಆ ಓಣಿಯಲ್ಲಿ ಆ ಸಂಜೆ ಅದು ಜೀವಂತವಾಗಿತ್ತು.

ವಾಪಸ್ ಬರುವಾಗ

ಸಂಜೆಯ ಹಡಗಿನಲ್ಲಿ ತಾತ–ಮೊಮ್ಮಗಳು ಮೇಲೆ ಒಂದೇ ಬೆಂಚಿನಲ್ಲಿ ಕುಳಿತರು. ಅವಳು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಕೇಳುತ್ತಿದ್ದಳು. ಅಪ್ಪ ತಮ್ಮ ಕನ್ನಡದಲ್ಲೇ ಹೇಳುತ್ತಿದ್ದರು. "ಮೇ ತಿಂಗಳ ಸೂಟಿಗಿ ಬಾ. ಗಾವಾನನ ಮದರಸಾ ತೋರಸ್ತೀನಿ, ಕ್ವಾಟಿ ತೋರಸ್ತೀನಿ. ಅಲ್ಲಿ ಗೈಡ್ ನಾನೇ" ಎಂಬುದು ನನ್ನ ಕಿವಿಗೆ ಬಿತ್ತು.

ಅಪ್ಪ ಊರಿಗೆ ಹೋದರು. ಒಂದು ದಿನದ ಪ್ರವಾಸದಿಂದ ಮನಸ್ಸು ಬದಲಾಗಿ ಮುಂಬಯಿಯಲ್ಲೇ ಉಳಿದುಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಟಿಕೆಟ್ಟನ್ನು ಉಗಾದಿಯ ತನಕ ಮುಂದೂಡಿದರು. ಈಗ ಭಾನುವಾರ ಬೆಳಿಗ್ಗೆ ಫೋನ್ ಮಾಡುವುದು ನನಗಲ್ಲ, ಅವಳಿಗೆ. ಅವಳು "ಹಾಂ ಮುತ್ಯಾ" ಎಂದು ಶುರು ಮಾಡುತ್ತಾಳೆ. ವ್ಯಾಕರಣ ಇನ್ನೂ ತಪ್ಪು. ಯಾರೂ ತಿದ್ದುತ್ತಿಲ್ಲ.

ನೀವು ಹೊರಡುವುದಾದರೆ

• ಮೊದಲು ಉಬ್ಬರ–ಇಳಿತದ ವೇಳೆ ನೋಡಿ, ಆಮೇಲೆ ದಿನ ಗೊತ್ತುಮಾಡಿ. ಕುಲಾಬಾ ಕೋಟೆಯಿಂದ ನೀರು ಏರುವ ಮೊದಲೇ ಹೊರಬನ್ನಿ. ಸ್ಥಳೀಯರು ಬೇಡವೆಂದರೆ ಮರಳಿಗೆ ಇಳಿಯಬೇಡಿ.

• ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಗೇಟ್‌ವೇ–ಮಾಂಡ್ವಾ ದೋಣಿಗಳು ನಿಲ್ಲುತ್ತವೆ, ಜಂಜೀರಾ ಕೋಟೆಗೂ ಪ್ರವೇಶವಿರುವುದಿಲ್ಲ. ರೋ-ರೋ ಹಡಗಿನ ವೇಳೆಯನ್ನು ಹಿಂದಿನ ದಿನ ಖಚಿತಪಡಿಸಿಕೊಳ್ಳಿ.

• ಮಾರ್ಗದರ್ಶಿಯ ಜೊತೆ ಹಣ, ಊಟ, ವೇಳೆ ಎಲ್ಲವನ್ನೂ ಫೋನಿನಲ್ಲೇ ಮಾತಾಡಿ ಮುಗಿಸಿ. ನಿಮ್ಮ ಜೊತೆ ಬರುವವರ ಬಗ್ಗೆ ಏನೂ ಕೇಳದೆ ಸ್ಥಳಗಳ ಪಟ್ಟಿ ಓದುವವರಾದರೆ ಬೇರೊಬ್ಬರನ್ನು ಹುಡುಕಿ.

• ಜಂಜೀರಾಕ್ಕೆ ಪೂರ್ತಿ ದಿನ ಇಡಿ. ಆಫ್ರಿಕಾ ಮೂಲದ ಸಿದ್ದಿಗಳು ಆಳಿದ, ಮರಾಠರಿಗೆ ಕೊನೆಗೂ ದಕ್ಕದ ಸಮುದ್ರಕೋಟೆ ಅದು. ರಾಜಪುರಿಯಿಂದ ಹಾಯಿದೋಣಿಯಲ್ಲಿ ಹೋಗಬೇಕು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಬಲ್ಲವರಿಗೆ ಅಲ್ಲಿ ಕೇಳಲು ಬಹಳ ಪ್ರಶ್ನೆಗಳಿರುತ್ತವೆ.

• ಕೊರ್ಲಾಯಿ ಜನ ವಾಸಿಸುವ ಹಳ್ಳಿ. ಕೇಳಿ ಫೋಟೋ ತೆಗೆಯಿರಿ. 'ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ' ಎಂದು ಪೀಡಿಸಬೇಡಿ.

• ಚೆನ್ನೈಯವರಿಗೆ ಇಂಥದೇ ದಿನಕ್ಕೆ ಪಳವೇರ್ಕಾಡು ಇದೆ. ಹಿನ್ನೀರು, ಡಚ್ಚರ ಸಮಾಧಿಗಳು, ಮೀನುಗಾರರ ಊರು, ಎಲ್ಲವೂ ಒಂದು ದಿನದಲ್ಲಿ ನೋಡಿ ಬರುವಷ್ಟು ಹತ್ತಿರ.

• ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಅವರಿಗೆ ಆಗುವಷ್ಟೇ ಸ್ಥಳ ಇಟ್ಟುಕೊಳ್ಳಿ. ಯಾವ ಕಲ್ಲಿನ ಬಳಿ ಅವರ ಮಾತು ತೆರೆದುಕೊಳ್ಳುತ್ತದೋ ಮೊದಲೇ ಹೇಳಲು ಬರುವುದಿಲ್ಲ.